ದೊಡ್ಡವರ ಕಾರ್ಟೂನ್ ಮಾಡುವ ಬಗೆ: ಎರಡು ನಿಮಿಷ, ಎರಡು ಪಾತ್ರ, ಒಂದು ಲಿಫ್ಟ್

ಅಮೆರಿಕದವರು 'ಅಡಲ್ಟ್ ಅನಿಮೇಷನ್' ಅಂದರೆ ನಮ್ಮ ಕಿವಿಗೆ ಬೇರೆಯೇ ಅರ್ಥ ಕೇಳಿಸುತ್ತದೆ. ಅಲ್ಲಿ ಆ ಮಾತಿನ ಅರ್ಥ ಇಷ್ಟೇ: ಮಕ್ಕಳನ್ನು ಮಲಗಿಸಿದ ಮೇಲೆ ದೊಡ್ಡವರು ಕೂತು ನೋಡುವ ಕಾರ್ಟೂನ್. ಸಾಲ, ಕುಡಿತ, ಹಳಸಿದ ಮದುವೆ, ದೇವರು, ಚುನಾವಣೆ, ಕೆಲಸ ಹೋದೀತೆಂಬ ಭಯ, ಇವು ಅದರ ಸರಕು. ಅಂಥದ್ದೊಂದು ತುಣುಕನ್ನು ಕನ್ನಡದಲ್ಲಿ, ಮನೆಯ ಲ್ಯಾಪ್‌ಟಾಪಿನಲ್ಲಿ, ಉಚಿತ ಸಾಫ್ಟ್‌ವೇರ್ ಬಳಸಿ ಮಾಡುವ ವಿಧಾನ ಇಲ್ಲಿದೆ.

ಉದ್ದ ಎರಡು ನಿಮಿಷ ಸಾಕು. ಈ ಪ್ರಕಾರದ ದೊಡ್ಡ ಹೆಸರುಗಳೇ ಹಾಗೆ ಹುಟ್ಟಿದವು. 'ದಿ ಸಿಂಪ್ಸನ್ಸ್' 1987ರಲ್ಲಿ ಶುರುವಾದದ್ದು ಟ್ರೇಸಿ ಉಲ್ಮನ್ ಅವರ ಟಿವಿ ಕಾರ್ಯಕ್ರಮದ ನಡುವೆ ಬರುತ್ತಿದ್ದ ಪುಟ್ಟ ತುಣುಕಾಗಿ. ಅಂಥ 48 ತುಣುಕುಗಳಾದ ಮೇಲೆ, 1989ರ ಡಿಸೆಂಬರಿನಲ್ಲಿ ಅದಕ್ಕೆ ಸ್ವಂತ ಅರ್ಧ ಗಂಟೆ ಸಿಕ್ಕಿತು. 'ಸೌತ್ ಪಾರ್ಕ್' 1997ರಲ್ಲಿ ಟಿವಿಗೆ ಬರುವ ಮೊದಲು 1992 ಮತ್ತು 1995ರಲ್ಲಿ ಬಣ್ಣದ ಕಾಗದ ಕತ್ತರಿಸಿ ಮಾಡಿದ ಎರಡು ಕಿರುಚಿತ್ರಗಳಾಗಿತ್ತು. ಚಿತ್ರಕಲೆಯ ದೃಷ್ಟಿಯಿಂದ ಅವು ಹೇಳಿಕೊಳ್ಳುವಂಥವಲ್ಲ. ಜನ ನಕ್ಕಿದ್ದು ಮಾತಿಗೆ, ಮಾತಿನ ನಡುವಿನ ಮೌನಕ್ಕೆ.

ಹಾಗಾಗಿ ಕೆಲಸದ ಕ್ರಮವೂ ಅದನ್ನೇ ಅನುಸರಿಸಬೇಕು: ಮೊದಲು ದನಿ, ಆಮೇಲೆ ಚಿತ್ರ. ಹೊಸಬರು ಮಾಡುವುದು ಇದರ ತಿರುಗಾಮುರುಗಾ. ಮೂರು ವಾರ ಕೂತು ಪಾತ್ರದ ಕೂದಲಿಗೆ ನೆರಳು ಹಾಕಿ, ಕೊನೆಯ ದಿನ ಫೋನಿನಲ್ಲಿ ದನಿ ಹಿಡಿದು ಅಂಟಿಸುತ್ತಾರೆ. ಅಲ್ಲಿಗೆ ಮುಗಿಯಿತು.

ಬರವಣಿಗೆ

ಎರಡು ಪಾತ್ರ, ಒಂದು ಜಾಗ, ಒಬ್ಬನಿಗೆ ಬೇಕಾದ ಒಂದು ವಸ್ತು, ಇನ್ನೊಬ್ಬ ಮುಚ್ಚಿಟ್ಟ ಒಂದು ಸಂಗತಿ. ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಅಪಾರ್ಟ್‌ಮೆಂಟಿನ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತುಬಿಟ್ಟಿದೆ. ಒಳಗೆ ಸಂಘದ ಕಾರ್ಯದರ್ಶಿ ಮತ್ತು ಒಬ್ಬ ಬಾಡಿಗೆದಾರ.

ಕಾರ್ಯದರ್ಶಿ: ಎಂಟ್ ತಿಂಗ್ಳಿಂದ ಮೇಂಟೆನೆನ್ಸ್ ಕಟ್ಟಿಲ್ಲ ನೀವು.
ಬಾಡಿಗೆದಾರ: ಕಟ್ಟಿದ್ರೆ ಮೇಲೆ ಹೋಗ್ತಿತ್ತಾ?
ಕಾರ್ಯದರ್ಶಿ: ...ಇಲ್ಲ.

ದುಡ್ಡು ಎಲ್ಲಿ ಹೋಯಿತು ಅಂತ ಯಾರೂ ಹೇಳಲಿಲ್ಲ, ಆದರೆ ನೋಡುವವನಿಗೆ ಗೊತ್ತಾಯಿತು. ದೊಡ್ಡವರ ಕಾರ್ಟೂನಿನ ಪ್ರಾಣ ಇರುವುದು ಇಲ್ಲಿ. ಬೈಗುಳ, ರಕ್ತ, ಬೆತ್ತಲೆ ಎಲ್ಲ ಆಮೇಲಿನ ಮಾತು. ಅವನ್ನೇ ನೆಚ್ಚಿಕೊಂಡು ಬರೆದ ಸ್ಕ್ರಿಪ್ಟನ್ನು ಹದಿನಾಲ್ಕು ವರ್ಷದ ಹುಡುಗರು ಮಾತ್ರ ಮೆಚ್ಚುತ್ತಾರೆ.

ಸಂಭಾಷಣೆಯನ್ನು ಆಡುವ ಹಾಗೆಯೇ ಬರೆಯಿರಿ. 'ಕಟ್ಟಿದ್ದರೆ ಮೇಲೆ ಹೋಗುತ್ತಿತ್ತೇ' ಎಂದು ಬರೆದುಕೊಟ್ಟರೆ ನಟ ವಾರ್ತೆ ಓದಿದಂತೆ ಓದುತ್ತಾನೆ. ಮಾತನ್ನು ಆಮೇಲೆ ತುಟಿಗೆ ಹೊಂದಿಸುವಾಗಲೂ ಆಡುಮಾತಿನ ಸಾಲು ಚಿಕ್ಕದಾಗಿ, ಸುಲಭವಾಗಿ ಕೂರುತ್ತದೆ. ಧಾರವಾಡದ ಮಾತೋ ಮಂಡ್ಯದ್ದೋ ಮಂಗಳೂರಿನದೋ ಅನ್ನುವುದನ್ನು ಪಾತ್ರ ಹುಟ್ಟುವಾಗಲೇ ಗಟ್ಟಿ ಮಾಡಿ. ಆ ಸೀಮೆಯವರನ್ನೇ ಕರೆದು ಮಾತಾಡಿಸಿ. ಸೀಮೆಯ ಮಾತನ್ನೇ ಹಾಸ್ಯ ಮಾಡಿಕೊಂಡರೆ ಅದು ಸೋಮಾರಿತನ, ನಮ್ಮ ಸಿನಿಮಾಗಳು ಅದನ್ನು ಈಗಾಗಲೇ ಸವೆಸಿಬಿಟ್ಟಿವೆ.

ಉದ್ದದ ಲೆಕ್ಕ: ಇಂಗ್ಲಿಷಿನವರ 'ನಿಮಿಷಕ್ಕೆ 150 ಪದ' ನಮಗೆ ಹೊಂದುವುದಿಲ್ಲ. ಕನ್ನಡದ ಒಂದೊಂದು ಪದವೂ ಬಾಲ ಹಚ್ಚಿಕೊಂಡು ಉದ್ದವಾಗಿರುತ್ತದೆ. ನಿಮಿಷಕ್ಕೆ 90ರಿಂದ 100 ಪದ ಎಂದುಕೊಂಡು ಶುರು ಮಾಡಿ, ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ, ಹೆಚ್ಚಾದದ್ದನ್ನು ಕತ್ತರಿಸಿ. ಎರಡು ನಿಮಿಷದಲ್ಲಿ ಇಪ್ಪತ್ತು ಸೆಕೆಂಡಾದರೂ ಮೌನಕ್ಕೆ ಉಳಿಯಬೇಕು.

ದನಿ ಹಿಡಿಯುವುದು

ಸ್ಟುಡಿಯೋ ಬೇಡ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೆದುರು ಕೂತುಕೊಳ್ಳಿ, ಬೆನ್ನ ಹಿಂದೆ ದಪ್ಪ ಕಂಬಳಿ ತೂಗುಹಾಕಿ. ಬರಿಗೋಡೆಯ ಕೋಣೆಯಲ್ಲಿ ಹಿಡಿದ ದನಿಗೆ ಬಾವಿಯೊಳಗಿನಿಂದ ಬಂದಂಥ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ, ಅದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು. ಸಾಧಾರಣ ಯುಎಸ್‌ಬಿ ಮೈಕು ಸಾಕು. ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಇಡಿ. ನೇರ ಎದುರಿಗಿಟ್ಟರೆ 'ಪ', 'ಭ' ಬಂದಾಗಲೆಲ್ಲ ಗಾಳಿ ಬಡಿದು ಡಬ್ ಎನ್ನುತ್ತದೆ. ಫ್ಯಾನ್, ಫ್ರಿಜ್ ಆರಿಸಿ. ಪಕ್ಕದ ಮನೆಯ ಕುಕ್ಕರ್ ಹೊತ್ತನ್ನು ತಪ್ಪಿಸಿ, ರಾತ್ರಿ ಹತ್ತರ ಮೇಲೆ ಕೂತರೆ ಕ್ಷೇಮ.

ಸೆಟ್ಟಿಂಗ್: 48 ಕಿಲೋಹರ್ಟ್ಸ್, 24 ಬಿಟ್, ಮೊನೊ, ವೇವ್ ಫೈಲ್. ಪಾತ್ರ ಕೂಗಾಡಿದಾಗಲೂ ಮೀಟರಿನ ಮುಳ್ಳು ಮೈನಸ್ 6 ಡೆಸಿಬೆಲ್ ದಾಟದಂತೆ ಗೇನ್ (ಮೈಕು ದನಿ ಹಿಡಿಯುವ ಮಟ್ಟ) ಇಳಿಸಿ. ಮೊದಲ ಮೂವತ್ತು ಸೆಕೆಂಡು ಯಾರೂ ಮಾತಾಡದೆ ಕೋಣೆಯ ಮೌನವನ್ನೇ ಹಿಡಿದಿಟ್ಟುಕೊಳ್ಳಿ. ಮಾತಿನ ನಡುವೆ ಅಂತರ ಹಾಕುವಾಗ ಆ ಮೌನವನ್ನು ತುಂಬಬೇಕು. ಪೂರ್ತಿ ಶೂನ್ಯ ತುಂಬಿದರೆ ದನಿ ಕಡಿದು ಕಡಿದು ಬಂದಂತೆ ಕೇಳುತ್ತದೆ.

ಪ್ರತಿ ಸಾಲಿಗೆ ಬರೆದಂತೆ ಎರಡು ಟೇಕ್, ಆಮೇಲೆ ನಟರು ತಮ್ಮ ಬಾಯಿಗೆ ಬಂದಂತೆ ಒಂದು. ಆ ಮೂರನೆಯದೇ ಎಷ್ಟೋ ಸಲ ಚಿನ್ನ. 1995ರ 'ಡಾಕ್ಟರ್ ಕಾಟ್ಜ್', 1999ರ 'ಹೋಮ್ ಮೂವೀಸ್' ಎಂಬ ಅಮೆರಿಕದ ಕಾರ್ಟೂನ್ ಸರಣಿಗಳು ಈ ದಾರಿಯನ್ನೇ ಹಿಡಿದಿದ್ದವು. ಸನ್ನಿವೇಶದ ಹಂದರ ಮಾತ್ರ ಕೊಟ್ಟು ನಟರಿಗೆ ಮಾತು ಬಿಟ್ಟುಬಿಡುತ್ತಿದ್ದರು. ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವುದು, ತಡವರಿಸುವುದು, ಅರ್ಧಕ್ಕೆ ನಿಲ್ಲುವುದು ಎಲ್ಲ ಹಾಗೇ ಉಳಿಯುತ್ತಿತ್ತು. ಇದಕ್ಕೆ ಇಬ್ಬರೂ ನಟರು ಎದುರುಬದುರು ಇರಬೇಕು, ಇಬ್ಬರಿಗೂ ಬೇರೆ ಬೇರೆ ಮೈಕು, ಬೇರೆ ಬೇರೆ ಟ್ರ್ಯಾಕ್ ಬೇಕು. ಒಂದೇ ಮೈಕಿನಲ್ಲಿ ಹಿಡಿದರೆ ಒಬ್ಬರ ಮೇಲೊಬ್ಬರು ಬಿದ್ದ ಮಾತನ್ನು ಆಮೇಲೆ ಬಿಡಿಸಲಾಗದು.

ಮೌನದ ಲೆಕ್ಕ

ಆಡಾಸಿಟಿ ಎಂಬ ದನಿ ಕತ್ತರಿಸಿ ಜೋಡಿಸುವ ಉಚಿತ ಸಾಫ್ಟ್‌ವೇರಿನಲ್ಲಿ ಸಾಲುಗಳನ್ನು ಜೋಡಿಸಿ ಚಿತ್ರವಿಲ್ಲದ ಎರಡು ನಿಮಿಷದ ನಾಟಕ ಮಾಡಿಕೊಳ್ಳಿ. ಇದಕ್ಕೆ ರೇಡಿಯೋ ಎಡಿಟ್ ಅನ್ನುತ್ತಾರೆ. ಇಡೀ ಕೆಲಸದಲ್ಲಿ ಇದರಷ್ಟು ಮುಖ್ಯವಾದ ಹಂತ ಇನ್ನೊಂದಿಲ್ಲ, ಎರಡು ದಿನ ಇದಕ್ಕೇ ಕೊಡಿ.

ಸೆಕೆಂಡಿಗೆ 24 ಫ್ರೇಮಿನ (ಫ್ರೇಮ್ ಅಂದರೆ ಒಂದು ನಿಂತ ಚಿತ್ರ) ಲೆಕ್ಕದಲ್ಲಿ ಯೋಚಿಸಿ. ಮಾಮೂಲಿ ಮಾತುಕತೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು 4ರಿಂದ 6 ಫ್ರೇಮ್ ಸಾಕು. ಜಗಳವಾದರೆ ಸೊನ್ನೆ, ಅಥವಾ ಹಿಂದಿನ ಸಾಲಿನ ಬಾಲದ ಮೇಲೇ ಮುಂದಿನದನ್ನು 3 ಫ್ರೇಮ್ ಹತ್ತಿಸಿ. ಯೋಚನೆ ಕಾಣಬೇಕಾದಲ್ಲಿ 12ರಿಂದ 18. ಈಗ ನಮ್ಮ 'ಇಲ್ಲ'ವನ್ನು ತಗೊಳ್ಳಿ. ಅದಕ್ಕೆ ಮೊದಲು 6 ಫ್ರೇಮ್ ಮೌನ ಇಟ್ಟರೆ ಕಾರ್ಯದರ್ಶಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟ, ಅಷ್ಟೆ. 18 ಇಟ್ಟರೆ ಯೋಚಿಸಿ ಹೇಳಿದ. 40 ಇಟ್ಟರೆ ತಪ್ಪೊಪ್ಪಿಕೊಂಡ. 70 ಇಟ್ಟರೆ ನೋಡುವವನು ವಿಡಿಯೋ ನಿಂತುಹೋಯಿತೇನೋ ಅಂತ ಪರದೆ ಮುಟ್ಟುತ್ತಾನೆ. ಆ 70ನ್ನೂ ಉಳಿಸಿಕೊಳ್ಳಬಹುದು, ಆದರೆ ಹಿನ್ನೆಲೆಯಲ್ಲಿ ಲಿಫ್ಟಿನ ಟ್ಯೂಬ್‌ಲೈಟ್ ಜುಯ್ ಎನ್ನುತ್ತಿರಬೇಕು, ಮಧ್ಯದಲ್ಲಿ ಒಂದು ಸಲ ಕಣ್ಣು ಮಿಟುಕಬೇಕು.

ರೇಡಿಯೋ ಎಡಿಟನ್ನು ಏನೂ ಹೇಳದೆ ಇಬ್ಬರು ಮೂವರಿಗೆ ಕೇಳಿಸಿ. ಚಿತ್ರವಿಲ್ಲದೆ ಯಾರೂ ನಗಲಿಲ್ಲವೆಂದರೆ ಚಿತ್ರ ಬಂದ ಮೇಲೂ ನಗುವುದಿಲ್ಲ. ಹಿಂದಕ್ಕೆ ಹೋಗಿ ಸ್ಕ್ರಿಪ್ಟ್ ತಿದ್ದಿ. ಈ ಹಂತದಲ್ಲಿ ತಿದ್ದಲು ಒಂದು ಸಂಜೆ ಸಾಕು, ಅನಿಮೇಷನ್ ಆದ ಮೇಲಾದರೆ ಒಂದು ವಾರ ಬೇಕು.

ಬೈಗುಳದ ಮೇಲೆ ಬೀಪ್ ಹಾಕುವುದಿದ್ದರೆ 1000 ಹರ್ಟ್ಸ್ ಸೈನ್ ಟೋನ್ ಬಳಸಿ, ಮಾತಿಗಿಂತ 4–5 ಡೆಸಿಬೆಲ್ ತಗ್ಗಿಸಿ. ಮೊದಲ ವ್ಯಂಜನ ಕೇಳಿಸಿದ ಕೂಡಲೇ ಬೀಪ್ ಶುರುವಾಗಲಿ, ಕೊನೆಯ ಸ್ವರಕ್ಕೆ ಮೊದಲೇ ನಿಲ್ಲಲಿ. ಕೇಳುವವನು ಮಧ್ಯದ್ದನ್ನು ತಾನೇ ತುಂಬಿಕೊಳ್ಳುತ್ತಾನೆ. ಅವನು ತುಂಬಿಕೊಂಡದ್ದು ನೀವು ಬರೆದದ್ದಕ್ಕಿಂತ ಒಂದು ಕೈ ಮೇಲೇ ಇರುತ್ತದೆ.

ತುಂಡುಗಳು

ಈಗ ಚಿತ್ರ. ಸೌತ್ ಪಾರ್ಕಿನ ಮೊದಲ ಟಿವಿ ಕಂತನ್ನು ನಿಜವಾದ ಕಾಗದದ ತುಂಡುಗಳನ್ನು ಕ್ಯಾಮೆರಾ ಕೆಳಗೆ ಸರಿಸಿ ಸರಿಸಿ ಮಾಡಿದ್ದರು, ತಿಂಗಳುಗಟ್ಟಲೆ ಹಿಡಿಯಿತು. ಆಮೇಲೆ ಅದೇ ಕಾಗದದ ನೋಟವನ್ನು ಕಂಪ್ಯೂಟರಿಗೆ ತಂದರು. ಮುಂದೆ ಒಂದೊಂದು ಕಂತು ಆರೇ ದಿನದಲ್ಲಿ ಮುಗಿಯುವಂತಾಯಿತು. ಸಾಧ್ಯವಾದದ್ದು ತುಂಡುಗಳ ಭಂಡಾರದಿಂದ. ಒಂದು ಸಲ ಬರೆದ ಕೈ, ಕಣ್ಣು, ಬಾಯಿಯನ್ನು ಮತ್ತೆ ಬರೆಯುವುದೇ ಇಲ್ಲ. ತೊಗಲುಗೊಂಬೆ ಆಟ ನೋಡಿದವರಿಗೆ ಇದು ಹೊಸದೇನಲ್ಲ. ಚಪ್ಪಟೆ ತುಂಡು, ಕೀಲಿನಲ್ಲಿ ದಾರದ ಗಂಟು, ಅಷ್ಟರಲ್ಲೇ ರಾವಣ ಕುಣಿಯುತ್ತಾನೆ.

ಒಂದು ಪಾತ್ರಕ್ಕೆ ಬೇಕಾದದ್ದು: ಮುಂಡ 1, ತಲೆ 2 (ಎದುರು ಮುಖ, ಮುಕ್ಕಾಲು ಮುಖ), ಮೇಲ್ದೋಳು 2, ಮುಂಗೈ 2, ಹಸ್ತದ ಆಕಾರ 4 (ಸಡಿಲ, ಮುಷ್ಟಿ, ಬೆರಳು ತೋರುವುದು, ಏನಾದರೂ ಹಿಡಿದದ್ದು), ಕಾಲು 2, ಕಣ್ಣಿನ ಬಿಳಿ 1 ಜೊತೆ, ಗುಡ್ಡೆ 1 ಜೊತೆ, ರೆಪ್ಪೆ 3 (ತೆರೆದ, ಅರ್ಧ, ಮುಚ್ಚಿದ), ಹುಬ್ಬು 1 ಜೊತೆ, ಬಾಯಿ 9. ನಮ್ಮ ಎರಡೂ ಪಾತ್ರಗಳು ಲಿಫ್ಟಿನಲ್ಲಿ ನಿಂತೇ ಇರುವುದರಿಂದ ನಡಿಗೆ ಬೇಡ. ಮೊದಲ ಚಿತ್ರಕ್ಕೆ ಇಂಥ ಜಾಗವನ್ನೇ ಆರಿಸಿಕೊಳ್ಳಿ. ಲಿಫ್ಟು, ಕಾರು, ಬಾರಿನ ಮೇಜು, ಆಸ್ಪತ್ರೆಯ ಬೆಂಚು. ನಡಿಗೆ ಸಮಯ ತಿನ್ನುತ್ತದೆ, ನಗು ಕೊಡುವುದಿಲ್ಲ.

ಕ್ರೀಟಾ ಎಂಬ ಚಿತ್ರ ಬರೆಯುವ ಉಚಿತ ಸಾಫ್ಟ್‌ವೇರಿನಲ್ಲಿ ಬರೆಯುವುದಾದರೆ ಅಂತಿಮ ಗಾತ್ರದ ಎರಡರಷ್ಟು ದೊಡ್ಡದಾಗಿ ಬರೆಯಿರಿ. 1920×1080ರ ಚೌಕಟ್ಟಿನಲ್ಲಿ 800 ಪಿಕ್ಸೆಲ್ ಎತ್ತರ ಕಾಣುವ ಪಾತ್ರಕ್ಕೆ 1600 ಪಿಕ್ಸೆಲ್. ಕ್ಲೋಸಪ್ಪಿನಲ್ಲಿ ಗೆರೆ ಒಡೆಯುವುದಿಲ್ಲ. ಪ್ರತಿ ತುಂಡನ್ನೂ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಮಾಡಿ ಉಳಿಸಿ. ಎಲ್ಲಕ್ಕೂ ಒಂದೇ ಡಿಪಿಐ (ಒಂದಿಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಇರಲಿ, ಇಲ್ಲವಾದರೆ ತರಿಸಿಕೊಂಡಾಗ ತಲೆ ಲಿಫ್ಟಿನಷ್ಟು, ಮುಂಡ ಬೆಂಕಿಪೊಟ್ಟಣದಷ್ಟು ಬರುತ್ತದೆ. ಫೈಲಿಗೆ ಕನ್ನಡ ಅಕ್ಷರದ ಹೆಸರು, ನಡುವೆ ಖಾಲಿ ಜಾಗ ಎರಡೂ ಬೇಡ. ಎಷ್ಟೋ ಅನಿಮೇಷನ್ ಸಾಫ್ಟ್‌ವೇರುಗಳಿಗೆ ಅವು ಹಿಡಿಸುವುದಿಲ್ಲ.

ಕೀಲಿನ ಗುಟ್ಟು: ಮೇಲ್ದೋಳಿನ ಕೆಳತುದಿ ಮತ್ತು ಮುಂಗೈಯ ಮೇಲ್ತುದಿ ಎರಡೂ ಒಂದೇ ಅಳತೆಯ ಪೂರ್ಣ ವೃತ್ತವಾಗಿರಬೇಕು, ತಿರುಗುವ ಬಿಂದು ಆ ವೃತ್ತದ ನಟ್ಟನಡುವೆ ಕೂರಬೇಕು. ಆಗ ಎಷ್ಟು ಡಿಗ್ರಿ ತಿರುಗಿಸಿದರೂ ಸಂದು ಕಾಣದು. ಹೊರಗೆರೆ ಇರುವ ಪಾತ್ರವಾದರೆ ಕೀಲಿನಲ್ಲಿ ಗೆರೆಯ ಮೇಲೆ ಗೆರೆ ಬಿದ್ದು ಮೊಣಕೈಗೆ ಬಳೆ ತೊಡಿಸಿದ ಹಾಗೆ ಕಾಣುತ್ತದೆ. ಒಂದೋ ವೃತ್ತದ ಒಳಭಾಗದ ಗೆರೆ ಅಳಿಸಿ, ಇಲ್ಲವೇ ಮೈಬಣ್ಣದ ಗೆರೆಯಿಲ್ಲದ ಪುಟ್ಟ ಬಿಲ್ಲೆಯೊಂದನ್ನು ಮೇಲೆ ತೇಪೆ ಹಾಕಿ.

ಚಿತ್ರ ಬರೆಯಲು ಕೈ ಓಡದವರಿಗೆ ಇನ್ನೊಂದು ದಾರಿಯಿದೆ. 'ಡಾಕ್ಟರ್ ಕಾಟ್ಜ್' ಬಳಸಿದ ಸ್ಕ್ವಿಗಲ್‌ವಿಷನ್ ಎಂಬ ಉಪಾಯ. ಒಂದೇ ಚಿತ್ರವನ್ನು ಐದು ಸಲ ಮೇಲೆ ಮೇಲೆ ತಿದ್ದಿ ಬರೆದು, ಆ ಐದನ್ನೂ ಸುತ್ತಿಸುತ್ತಾ ಹೋಗುವುದು. ಕೈಬರಹ ಎರಡು ಸಲ ಒಂದೇ ಥರ ಬರುವುದಿಲ್ಲವಲ್ಲ, ಆ ಸಣ್ಣ ವ್ಯತ್ಯಾಸಕ್ಕೇ ಗೆರೆ ತೆವಳಲು ಶುರುಮಾಡುತ್ತದೆ, ನಿಂತ ಮನುಷ್ಯ ಬದುಕಿದ್ದಾನೆ ಅನ್ನಿಸುತ್ತದೆ. ಒಂದೊಂದು ಚಿತ್ರಕ್ಕೂ 3 ಫ್ರೇಮ್ ಕೊಡಿ. 1 ಫ್ರೇಮ್ ಕೊಟ್ಟರೆ ಪಾತ್ರಕ್ಕೆ ಚಳಿಜ್ವರ ಬಂದ ಹಾಗಿರುತ್ತದೆ, ನೋಡುವವನ ಕಣ್ಣೂ ನೋಯುತ್ತದೆ.

ಹಿನ್ನೆಲೆ ಒಂದೇ ಲಿಫ್ಟು. ಮೂರು ಪದರ ಸಾಕು: ಹಿಂದಿನ ಗೋಡೆ, ಪಕ್ಕದ ಬಟನ್ ಫಲಕ, ಮುಂದಿನ ಬಾಗಿಲಂಚು. ಹಿನ್ನೆಲೆಯ ಬಣ್ಣ ಪಾತ್ರದ ಬಣ್ಣಕ್ಕಿಂತ ಮಂಕಾಗಿರಲಿ. ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ. ಪಾತ್ರದ ಮುಖ ಗೋಡೆಯಲ್ಲಿ ಕರಗಿದರೆ ಗೋಡೆಯನ್ನು ಗಾಢ ಮಾಡಿ. 'ಒಟ್ಟು 6 ಜನ ಮಾತ್ರ' ಎಂಬಂಥ ಫಲಕ ಬರೆಯುವಾಗ ಅಕ್ಷರಗಳನ್ನು ಇಂಕ್‌ಸ್ಕೇಪಿನಲ್ಲಿ ಟೈಪ್ ಮಾಡಿ ಪಾತ್ (ಬರೀ ಗೆರೆಯ ಆಕಾರ) ಆಗಿ ಬದಲಿಸಿ ಚಿತ್ರವಾಗಿಯೇ ತನ್ನಿ. ಅನಿಮೇಷನ್ ಸಾಫ್ಟ್‌ವೇರಿನೊಳಗೇ ಟೈಪ್ ಮಾಡಿದರೆ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಕೂರುವ ಸಂಭವ ಹೆಚ್ಚು.

ಜೋಡಣೆ

ಓಪನ್‌ಟೂನ್ಜ್ ಎಂಬ ಅನಿಮೇಷನ್ ಸಾಫ್ಟ್‌ವೇರ್ ಉಚಿತ. 2016ರವರೆಗೆ ಅದು ಟೂನ್ಜ್ ಎಂಬ ದುಬಾರಿ ಸಾಫ್ಟ್‌ವೇರ್ ಆಗಿತ್ತು, ಜಪಾನಿನ ಘಿಬ್ಲಿ ಸ್ಟುಡಿಯೋ ಬಳಸುತ್ತಿದ್ದದ್ದು ಅದನ್ನೇ. ಒಂದೊಂದು ತುಂಡನ್ನೂ ಎಕ್ಸ್‌ಶೀಟಿನ (ಅದರೊಳಗಿನ ಫ್ರೇಮುಗಳ ಕೋಷ್ಟಕ) ಒಂದೊಂದು ಕಾಲಮ್ಮಿನಲ್ಲಿ ಇಡಿ. ಎಡದ ಕಾಲಮ್ಮು ಹಿಂದೆ, ಬಲದ್ದು ಮುಂದೆ. ಹೀಗಾಗಿ ಹಿಂದಿನ ಕೈ, ಕಾಲು, ಮುಂಡ, ತಲೆ, ಕಣ್ಣಿನ ಬಿಳಿ, ಗುಡ್ಡೆ, ರೆಪ್ಪೆ, ಹುಬ್ಬು, ಬಾಯಿ, ಮುಂದಿನ ಕೈ ಈ ಸಾಲಿನಲ್ಲಿ ಬರಲಿ. ಯಾವುದಕ್ಕೆ ಯಾವುದು ಕಟ್ಟಿದೆ ಎಂದು ತೋರಿಸುವ ಸ್ಟೇಜ್ ಸ್ಕೀಮ್ಯಾಟಿಕ್‌ನಲ್ಲಿ ಹಸ್ತವನ್ನು ಮುಂಗೈಗೆ, ಮುಂಗೈಯನ್ನು ಮೇಲ್ದೋಳಿಗೆ, ಮೇಲ್ದೋಳನ್ನು ಮುಂಡಕ್ಕೆ ಕಟ್ಟಿ. ಮುಖದ ಎಲ್ಲ ತುಂಡುಗಳನ್ನೂ ತಲೆಗೆ ಕಟ್ಟಿ. ತಿರುಗುವ ಬಿಂದುಗಳನ್ನು ಕೀಫ್ರೇಮ್ (ಭಂಗಿ ಗುರುತು ಮಾಡುವ ಫ್ರೇಮ್) ಹಾಕುವ ಮೊದಲೇ ಸರಿಪಡಿಸಿ. ನಡುವೆ ಬದಲಿಸಿದರೆ ಹಿಂದೆ ಹಾಕಿದ ಭಂಗಿಗಳೆಲ್ಲ ಜಾರುತ್ತವೆ. ಬಾಯಿಯ ಒಂಬತ್ತು ಚಿತ್ರಗಳಿಗೆ ಒಂದೇ ಹೆಸರು ಕೊಟ್ಟು ಕೊನೆಯಲ್ಲಿ ಕ್ರಮಸಂಖ್ಯೆ ಹಾಕಿ, ಆಗ ಅವೆಲ್ಲ ಒಂದೇ ಕಾಲಮ್ಮಿಗೆ ಬಂದು ಸಂಖ್ಯೆ ಬದಲಿಸಿದಂತೆ ಬಾಯಿ ಬದಲಾಗುತ್ತದೆ.

ತುಟಿ

ಕನ್ನಡದಲ್ಲಿ ಮಾಡುವವರು ಹೆಚ್ಚು ಎಡವುವುದು ಇಲ್ಲಿ. ಸಿಗುವ ಪಾಠಗಳೆಲ್ಲ ಇಂಗ್ಲಿಷಿನ ಬಾಯಿಗೆ ಬರೆದವು.

ರೂಬಾರ್ಬ್ ಎಂಬ ಉಚಿತ ಉಪಕರಣ ವೇವ್ ಫೈಲನ್ನು ಓದಿ ಯಾವ ಕ್ಷಣಕ್ಕೆ ಯಾವ ಬಾಯಿ ಎಂದು ಪಟ್ಟಿ ಕೊಡುತ್ತದೆ. ಅದರ ಗುರುತಿಸುವ ಕ್ರಮವನ್ನು ಫೋನೆಟಿಕ್ ಎಂದು ಬದಲಿಸಲು ಮರೆಯಬೇಡಿ, ಇಲ್ಲವಾದರೆ ಅದು ಕನ್ನಡದಲ್ಲಿ ಇಂಗ್ಲಿಷ್ ಪದ ಹುಡುಕುತ್ತಾ ಕೂರುತ್ತದೆ. ಅದರ ಬಾಯಿಗಳು ಇವು; ಹೆಸರು ಇಂಗ್ಲಿಷ್ ಅಕ್ಷರದ್ದು, ಆವರಣದಲ್ಲಿರುವುದು ಕನ್ನಡದ ಉಚ್ಚಾರ. ಎ: ಮುಚ್ಚಿದ ತುಟಿ (ಪ, ಬ, ಮ). ಬಿ: ಹಲ್ಲು ಕಚ್ಚಿ ತುಸು ತೆರೆದದ್ದು (ಹೆಚ್ಚಿನ ವ್ಯಂಜನ, ಇ). ಸಿ: ಅರ್ಧ ತೆರೆದದ್ದು (ಎ, ಸಣ್ಣ ಅ). ಡಿ: ಪೂರ್ತಿ ತೆರೆದದ್ದು (ಆ). ಇ: ತುಸು ದುಂಡು (ಒ, ಓ). ಎಫ್: ಚೂಪು (ಉ, ಊ). ಜಿ: ಮೇಲ್ಹಲ್ಲು ಕೆಳತುಟಿಗೆ ತಾಗಿದ್ದು (ಫ್ಯಾನಿನ ಫ, ಒತ್ತಿ ಹೇಳಿದ ವ). ಎಚ್: ನಾಲಿಗೆ ಮೇಲೆತ್ತಿದ್ದು (ಲ). ಎಕ್ಸ್: ವಿಶ್ರಾಂತಿ.

ಪಟ್ಟಿಯನ್ನು ಹಾಗೇ ನಂಬಬೇಡಿ, ಮುಕ್ಕಾಲು ಪಾಲು ಸರಿ ಬಂದರೆ ಪುಣ್ಯ. ಕೈಯಿಂದ ತಿದ್ದಬೇಕಾದ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ಪದದ ಕೊನೆಯ ಉಕಾರ. ನಮ್ಮ ಪದಗಳಲ್ಲಿ ಅರ್ಧಕ್ಕರ್ಧ 'ಉ'ದಲ್ಲಿ ಮುಗಿಯುತ್ತವೆ: ಬಂತು, ಹೋಯ್ತು, ದುಡ್ಡು, ಲಿಫ್ಟು. ಆಡುವಾಗ ಆ ಉಕಾರಕ್ಕೆ ಯಾರೂ ತುಟಿ ಚೂಪು ಮಾಡುವುದಿಲ್ಲ, ಅರ್ಧ ನುಂಗಿಬಿಡುತ್ತಾರೆ. ಅದಕ್ಕೆಲ್ಲ ಎಫ್ ಬಾಯಿ ಹಾಕಿದರೆ ಪಾತ್ರ ಇಡೀ ಹೊತ್ತು ಬಿಸಿ ಕಾಫಿ ಊದುತ್ತಿರುವ ಹಾಗೆ ಕಾಣುತ್ತದೆ. ಅಲ್ಲಿ ಬಿ ಹಾಕಿ. ಎರಡನೆಯದು ಒತ್ತು. ಅಪ್ಪ, ಅಮ್ಮ, ಹಬ್ಬ ಎನ್ನುವಾಗ ತುಟಿ ಮುಚ್ಚಿಯೇ ಇರುವ ಹೊತ್ತು ಇಂಗ್ಲಿಷಿನವರಿಗೆ ಗೊತ್ತಿಲ್ಲ, 4 ಫ್ರೇಮ್ ಕೊಡಿ. ಒಂಟಿ ಪ, ಬ, ಮಗೆ 2 ಸಾಕು, ಆದರೆ ಎಷ್ಟೇ ವೇಗದ ಮಾತಾದರೂ ಆ 2ನ್ನು ಬಿಡಬೇಡಿ. ಉಳಿದ ಯಾವ ಬಾಯಿ ತಪ್ಪಿದರೂ ಕಣ್ಣು ಕ್ಷಮಿಸುತ್ತದೆ, ತುಟಿ ಮುಚ್ಚದ 'ಮ'ವನ್ನು ಕ್ಷಮಿಸುವುದಿಲ್ಲ. ಇನ್ನು ಳ, ಣ: ನಾಲಿಗೆ ಒಳಕ್ಕೆ ಮಡಿಯುವುದರಿಂದ ಹೊರಗೆ ಕಾಣುವುದಿಲ್ಲ, ಎಚ್ ಬಾಯಿ ಅಲ್ಲಿಗೆ ಸಲ್ಲ.

ಬಾಡಿಗೆದಾರನ ಸಾಲನ್ನು ನಿಧಾನಕ್ಕೆ, ಚುಚ್ಚುವ ಹಾಗೆ ಹೇಳಿಸಿದರೆ ಸುಮಾರು 42 ಫ್ರೇಮ್ ಬರುತ್ತದೆ. 'ಕಟ್ಟಿದ್ರೆ': 1–2 ಬಿ, 3–5 ಸಿ, 6–11 ಬಿ, 12–13 ಸಿ. ಟಕಾರದ ಒತ್ತಿಗೆ ಬಾಯಿ ಆರು ಫ್ರೇಮ್ ಅಲುಗದೆ ನಿಂತದ್ದನ್ನು ಗಮನಿಸಿ, ಅಲ್ಲಿ ಏನಾದರೂ ಕುಣಿಸಬೇಕೆಂಬ ಆಸೆ ಹುಟ್ಟುತ್ತದೆ, ತಡೆದುಕೊಳ್ಳಿ. 'ಮೇಲೆ': 14–15 ಎ, 16–19 ಸಿ, 20–21 ಎಚ್, 22–23 ಸಿ. 'ಹೋಗ್ತಿತ್ತಾ': 24–28 ಇ, 29–34 ಬಿ, 35–42 ಡಿ. ಆಮೇಲೆ ಎರಡು ಫ್ರೇಮ್ ಸಿ, ನಂತರ ಎಕ್ಸ್. ಡಿ ಇಂದ ನೇರ ಎಕ್ಸ್‌ಗೆ ಹಾರಿದರೆ ಬಾಯಿ ಡಬ್ಬಿಯ ಮುಚ್ಚಳದ ಹಾಗೆ ಬೀಳುತ್ತದೆ. ಎಲ್ಲ ಮುಗಿದ ಮೇಲೆ ಬಾಯಿಯ ಇಡೀ ಕಾಲಮ್ಮನ್ನು 1 ಫ್ರೇಮ್ ಮುಂಚಿತವಾಗಿ ಬರುವಂತೆ ಸರಿಸಿ. ದನಿಗಿಂತ ತುಟಿ ಕೂದಲೆಳೆಯಷ್ಟು ಮೊದಲು ಕಂಡರೆ ಸಹಜ ಅನ್ನಿಸುತ್ತದೆ, ತಡವಾದರೆ ಡಬ್ಬಿಂಗ್ ಸಿನಿಮಾ ಅನ್ನಿಸುತ್ತದೆ.

ಮೈಯ ಚಲನೆ

ಕಡಿಮೆ ಮಾಡಿ. ಮಾತಿನಲ್ಲಿ ಒತ್ತು ಬೀಳುವ ಕಡೆ ತಲೆ 3ರಿಂದ 5 ಡಿಗ್ರಿ ವಾಲಲಿ, ದನಿಯ ಒತ್ತಿಗಿಂತ 2 ಫ್ರೇಮ್ ಮೊದಲು ಶುರುವಾಗಲಿ. ಒಂದು ಸಾಲಿಗೆ ಒಂದೇ ಕೈಭಂಗಿ. ಕಣ್ಣು ಮಿಟುಕಿಸುವುದು ಅರ್ಧ 2, ಮುಚ್ಚಿದ 2, ಅರ್ಧ 2 ಫ್ರೇಮ್. ಗಡಿಯಾರದಂತೆ ಮೂರು ಸೆಕೆಂಡಿಗೊಂದು ಬೇಡ, ಯೋಚನೆ ಬದಲಾದಾಗ ಅಥವಾ ತಲೆ ತಿರುಗಿದಾಗ ಮಿಟುಕಲಿ. ಕೇಳುತ್ತಾ ನಿಂತವನ ಗುಡ್ಡೆ ಮಾತ್ರ ಆಗಾಗ ಸರಿದರೆ ಸಾಕು, ಅವನಿಗೆ ಜೀವವಿರುತ್ತದೆ.

ಎರಡು ಭಂಗಿ ಇಟ್ಟು ನಡುವಿನದನ್ನು ಕಂಪ್ಯೂಟರಿಗೆ ಬಿಟ್ಟರೆ ಕೈ ನೀರಿನಲ್ಲಿ ತೇಲಿದಂತೆ ನಯವಾಗಿ ಹೋಗುತ್ತದೆ. ಅಗ್ಗದ ಜಾಹೀರಾತಿನ ನೋಟ ಬರುವುದು ಇದರಿಂದಲೇ. ಪರಿಹಾರ: ಭಂಗಿಯಿಂದ ಭಂಗಿಗೆ 4 ಫ್ರೇಮಿನಲ್ಲಿ ಹಾರಿಸಿ, ಗುರಿ ದಾಟಿ 2 ಡಿಗ್ರಿ ಹೆಚ್ಚು ಹೋಗಿ 2 ಫ್ರೇಮಿನಲ್ಲಿ ವಾಪಸ್ ಬರಲಿ, ಆಮೇಲೆ ಕಲ್ಲಿನಂತೆ ನಿಲ್ಲಲಿ. ಕಾಗದದ ನೋಟ ಬೇಕಾದರೆ ಕೀಫ್ರೇಮುಗಳ ನಡುವಿನ ಕ್ರಮವನ್ನು ಕಾನ್‌ಸ್ಟಂಟ್ (ನಡುವಿನ ಚಲನೆಯನ್ನು ಕಂಪ್ಯೂಟರ್ ತುಂಬದಿರುವುದು) ಮಾಡಿ, ಎರಡೆರಡು ಫ್ರೇಮಿಗೆ ಕೈಯಿಂದಲೇ ಸರಿಸಿ.

'ಇಲ್ಲ' ಎನ್ನುವ ಮೊದಲಿನ 40 ಫ್ರೇಮುಗಳನ್ನು ಹೀಗೆ ತುಂಬಬಹುದು: 1–14 ಏನೂ ಇಲ್ಲ. 15ರಲ್ಲಿ ಗುಡ್ಡೆ ಬಾಡಿಗೆದಾರನಿಂದ ಬಟನ್ ಫಲಕದ ಕಡೆಗೆ ಜಾರುತ್ತದೆ. 24–29 ಒಂದು ಮಿಟುಕು. 30ರಲ್ಲಿ ಗುಡ್ಡೆ ನೆಲಕ್ಕೆ. 41ಕ್ಕೆ ಮಾತು. ತಲೆ, ಕೈ, ಹುಬ್ಬು ಯಾವುದೂ ಅಲುಗಕೂಡದು. ಇಲ್ಲಿ ಹುಬ್ಬು ಏರಿಸಿದರೆ ಆತ ನಾಟಕದವನಾಗುತ್ತಾನೆ, ಏರಿಸದಿದ್ದರೆ ಸಿಕ್ಕಿಬಿದ್ದವನಾಗುತ್ತಾನೆ.

ಇಡೀ ತುಣುಕಿಗೆ 25ರಿಂದ 30 ಶಾಟ್ ಬೇಕಾದೀತು, ಆದರೆ ಕ್ಯಾಮೆರಾ ಜಾಗ ಆರಕ್ಕಿಂತ ಹೆಚ್ಚು ಬೇಡ: ಇಬ್ಬರೂ ಕಾಣುವುದು, ಒಬ್ಬೊಬ್ಬರದೇ ಎರಡು, ಬಟನ್ನಿನ ಕ್ಲೋಸಪ್, ಮೇಲಿನಿಂದ ಒಂದು, ಲಿಫ್ಟಿನ ಹೊರಗಿನಿಂದ ಒಂದು. ಸಂಜೆಗೆ ಎರಡು ಗಂಟೆ ಕೂರುವವರಿಗೆ ಈ ಹಂತಕ್ಕೆ ಮೂರು ವಾರ ಹಿಡಿಯುತ್ತದೆ.

ಹೊರಗೆ ಬಿಡುವ ಮುನ್ನ

ದುಂಡು ಮುಖದ ಪಾತ್ರ ಕಂಡರೆ ಮಕ್ಕಳು ಕ್ಲಿಕ್ ಮಾಡುತ್ತಾರೆ. ಯೂಟ್ಯೂಬಿನಲ್ಲಿ 'ಮಕ್ಕಳಿಗಾಗಿ ಮಾಡಿದ್ದಲ್ಲ' ಎಂದು ಗುರುತು ಹಾಕಿ, ಬೈಗುಳ ಅಥವಾ ರಕ್ತ ಇದ್ದರೆ 18ರ ವಯಸ್ಸಿನ ಮಿತಿಯನ್ನೂ ನೀವೇ ಹಾಕಿ. ಶೀರ್ಷಿಕೆ, ಟ್ಯಾಗ್, ಮುಖಚಿತ್ರ ಯಾವುದೂ ಮಕ್ಕಳನ್ನು ಕರೆಯುವಂತಿರಬಾರದು. ಮಕ್ಕಳ ಕಾರ್ಟೂನಿನ ವೇಷದಲ್ಲಿ ದೊಡ್ಡವರ ವಿಷಯ ಇದ್ದರೆ ವಿಡಿಯೋವನ್ನೇ ತೆಗೆದುಹಾಕುತ್ತಾರೆ. ಲೈಂಗಿಕ ಸನ್ನಿವೇಶದಲ್ಲಿ ಮಕ್ಕಳ ಪಾತ್ರವಾಗಲಿ, ಮಕ್ಕಳಂತೆ ಕಾಣುವ ಪಾತ್ರವಾಗಲಿ ಬೇಡವೇ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಇರುವುದೇ ಅದಕ್ಕೆ, 'ಬರೀ ಚಿತ್ರ ಸ್ವಾಮಿ' ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ.

ರೆಂಡರ್ (ಅಂತಿಮ ವಿಡಿಯೋ ಫೈಲ್ ಮಾಡುವುದು) 1920×1080, 24 ಫ್ರೇಮ್, ಎಚ್.264, ಸೆಕೆಂಡಿಗೆ 8 ಮೆಗಾಬಿಟ್‌ಗೆ ಕಡಿಮೆ ಬೇಡ. ನುಣುಪು ಛಾಯೆಯ ಗೋಡೆಯಲ್ಲಿ ಪಟ್ಟೆ ಪಟ್ಟೆ ಕಾಣಿಸಿಕೊಂಡರೆ ಹಿನ್ನೆಲೆಗೆ ಶೇಕಡಾ 2–3ರಷ್ಟು ಮರಳುಮರಳಾದ ನಾಯ್ಸ್ ಬೆರೆಸಿ. ಒಟ್ಟು ದನಿಮಟ್ಟ ಮೈನಸ್ 14 ಲಫ್ಸ್ (ಒಟ್ಟಾರೆ ಎಷ್ಟು ಗಟ್ಟಿಯಾಗಿ ಕೇಳುತ್ತದೆ ಎಂಬ ಅಳತೆ), ತುದಿ ಮೈನಸ್ 1 ಡೆಸಿಬೆಲ್. ಕೊನೆಗೆ ಹೆಡ್‌ಫೋನ್ ತೆಗೆದಿಟ್ಟು, ಫ್ಯಾನ್ ತಿರುಗುವ ಕೋಣೆಯಲ್ಲಿ, ಫೋನಿನ ಸ್ಪೀಕರಿನಲ್ಲಿ ಒಂದು ಸಲ ಕೇಳಿ. ಆ 'ಇಲ್ಲ' ಕಿವಿಗೆ ಬೀಳದಿದ್ದರೆ ಅದೊಂದೇ ಪದವನ್ನು 3 ಡೆಸಿಬೆಲ್ ಏರಿಸಿ, ಟ್ಯೂಬ್‌ಲೈಟಿನ ಜುಯ್ ಅದಕ್ಕೆ 5 ಫ್ರೇಮ್ ಮೊದಲೇ ನಿಲ್ಲಲಿ.